ಮಗ್ಗ ನಿಂತ ದಿನ ಕೇಳಿದ ಕೂಗು

ನನ್ನ ಮೊಮ್ಮಗಳಿಗೆ ಗಾಳಿ ಹಿಡಿದಿರಲಿಲ್ಲ. ಓದಿ ಓದಿ ತಲೆಯೂ ಕೆಟ್ಟಿರಲಿಲ್ಲ. ನನ್ನ ಕಿರಿಯ ಮಗನನ್ನು, ಅಂದರೆ ತನ್ನ ಸೋದರಮಾವನನ್ನು ಮದುವೆಯಾಗಲು ಆಕೆಗೆ ಮನಸ್ಸಿರಲಿಲ್ಲ. ಅದನ್ನು ನನ್ನ ಮುಖ ನೋಡಿ ಹೇಳುವ ಧೈರ್ಯವೂ ಇರಲಿಲ್ಲ. ಅದಕ್ಕೆ ಕಿರುಚಿದಳು. ನಡೆದದ್ದು ಇಷ್ಟು. ಉಳಿದದ್ದನ್ನು ಓಣಿಯವರು ಸೇರಿಸಿದರು. ಸ್ವಲ್ಪ ನಾನೂ ಸೇರಿಸಿದೆ ಅನ್ನಿ.

ನಮ್ಮದು ಗಜೇಂದ್ರಗಡದ ನೇಕಾರರ ಓಣಿ. ಮನೆಯಲ್ಲಿ ಒಂದು ಕುಣಿ ಮಗ್ಗ, ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವಂಥದ್ದು. ಯಜಮಾನರಿಗೆ ಲಕ್ವಾ ಹೊಡೆದು ಎಡಗೈ, ಎಡಗಾಲು ಬಿದ್ದ ಮೇಲೆ ಅದಕ್ಕೆ ಕೂಡುವವಳು ನಾನೇ. ಅವರು ಪಡಸಾಲೆಯ ಹೊರಸಿನ ಮೇಲೆ ಮಲಗಿ ನನ್ನ ನೇಯ್ಗೆಯಲ್ಲಿ ತಪ್ಪು ಹುಡುಕುತ್ತಾರೆ. ಮಗಳನ್ನು ಹೊಳೆಆಲೂರಿಗೆ ಕೊಟ್ಟಿದ್ದೇವೆ. ಆಕೆಯ ಮಗಳೇ ಈ ಹುಡುಗಿ. ನಮ್ಮ ಮನೆಯಲ್ಲಿದ್ದು ದಿನಾ ಬಸ್ಸಿಗೆ ರೋಣದ ಕಾಲೇಜಿಗೆ ಹೋಗಿಬರುತ್ತಾಳೆ. ಕಿರಿಯ ಮಗ ನರಗುಂದದ ಕಾಳಿನ ಅಂಗಡಿಯೊಂದರಲ್ಲಿ ಜೋಳ, ಕಡಲೆ ತೂಗುತ್ತಾನೆ. ಈಕೆ ತೊಟ್ಟಿಲಲ್ಲಿ ಇದ್ದಾಗಲೇ ಇವರಿಬ್ಬರ ಮದುವೆ ಮಾತಾಗಿತ್ತು. ಮಾತಾಡಿದವಳು ನಾನು. ನಮ್ಮ ಕಡೆ ಅಕ್ಕನ ಮಗಳನ್ನು ತಂದುಕೊಳ್ಳುವುದು ಹೊಸದಲ್ಲ. ಹೊರಗಿನಿಂದ ತಂದ ಸೊಸೆ ಹೇಗೆ ಬಾಳುತ್ತಾಳೋ ಯಾರು ಕಂಡಿದ್ದಾರೆ? ಕಾಲೇಜು ಮುಗಿದ ಬೇಸಿಗೆಗೆ ಅಕ್ಕಿಕಾಳು ಹಾಕಿ ಮದುವೆ ಮುಗಿಸುವುದೆಂದು ನಿಶ್ಚಯಿಸಿ, ಮದುವೆ ಸೀರೆಯ ಹಾಸನ್ನೂ, ಅಂದರೆ ಉದ್ದೆಳೆಗಳನ್ನೂ, ಮಗ್ಗಕ್ಕೆ ಏರಿಸಿದ್ದೆ.

ಮೊದಲು ಅನುಮಾನ ಬಂದದ್ದು ಆಕೆಯ ಗಂಟಲಿನಿಂದ. ಕಾಲೇಜಿನಿಂದ ಬಂದವಳ ದನಿ ಒಡೆದ ಮಡಿಕೆಯ ಹಾಗೆ ಇರುತ್ತಿತ್ತು.

"ಗಂಟಲ ಯಾಕ ಬಿದ್ದೈತಿ?"

"ಥಂಡಿ ಆಗೈತಿ ಆಯಿ."

"ಥಂಡಿ ಆದವರಿಗೆ ಮೂಗ ಸೋರತೈತಿ. ನಿನ್ನ ಮೂಗ ಒಣಗೈತಿ."

ಆಕೆ ಒಳಗೆ ಹೋದಳು. ನಾನು ಅಂದಿನಿಂದ ಲಕ್ಷ್ಯ ಇಟ್ಟೆ. ಕಿವಿಗೆ ಸದಾ ವಾಯರು ಸಿಕ್ಕಿಸಿಕೊಂಡಿರುತ್ತಾಳೆ. ಯಾರ ಜೊತೆ ಮಾತು ನಡೆದಿದೆಯೋ ಎಂದು ಒಂದು ಸಂಜೆ ಅದನ್ನು ಕಸಿದು ನನ್ನ ಕಿವಿಗೆ ಇಟ್ಟುಕೊಂಡೆ. ಒಳಗೆ ಗಂಡಸೊಬ್ಬ ಗಂಟಲು ಹರಿಯುವ ಹಾಗೆ ಅರಚುತ್ತಿದ್ದ. ಹಿಂದೆ ಯಾರೋ ತಗಡು ಬಡಿಯುತ್ತಿದ್ದರು.

"ಇವಗ ಏನಾಗೈತಿ? ಕಾಲ ಮುರದೈತೇನ?"

"ಹಾಡ ಆಯಿ ಅದು. ಸಿಟ್ಟಿನ ಹಾಡು."

"ಎದಕ್ಕ ಸಿಟ್ಟ ಅವಗ?"

"ಗೊತ್ತಿಲ್ಲ. ಇಂಗ್ಲಿಷ್ ಐತಿ. ಕೇಳಿದ್ರ ಹಗರ ಆಗತೈತಿ ಅಷ್ಟ."

ಹಗುರಾಗಬೇಕಾದರೆ ಮೊದಲು ಭಾರ ಇರಬೇಕು. ಎರಡು ಹೊತ್ತು ರೊಟ್ಟಿ ಉಂಡು ಬಸ್ಸಿನಲ್ಲಿ ಹೋಗಿ ಬರುವವಳಿಗೆ ಯಾವ ಭಾರ? ನನಗೆ ತಿಳಿದ ಹೆಂಗಸಿನ ಭಾರ ಒಂದೇ, ಹೊಟ್ಟೆಯಲ್ಲಿ ಬರುವಂಥದ್ದು. ಈಕೆ ತಿಂಗಳಿಗೆ ಹೊರಗಾಗುತ್ತಾಳೋ ಇಲ್ಲವೋ ಎಂದು ನೋಡಿದೆ. ಆದಳು. ಅನುಮಾನ ಹೋಗಲಿಲ್ಲ, ಬೇರೆ ಕಡೆ ತಿರುಗಿತು.

ಒಂದು ಶನಿವಾರ ಯಾರಿಗೂ ಹೇಳದೆ ಆಕೆಯ ಹಿಂದಿನ ಬಸ್ಸಿಗೆ ರೋಣಕ್ಕೆ ಹೋದೆ. ಕಾಲೇಜಿನ ಸಿಪಾಯಿಯನ್ನು ಕೇಳಿದರೆ, "ಆ ಹುಡುಗ್ಯಾರು ಮ್ಯಾಲಿನ ಖೋಲ್ಯಾಗ ಒದರಾಕ ಹೋಗ್ಯಾರ್ರಿ" ಎಂದ, ಕೂಗುವುದೆಂದರೆ ನೀರು ತರುವಷ್ಟೇ ಸಾದಾ ಕೆಲಸ ಎನ್ನುವ ಹಾಗೆ. ಮೆಟ್ಟಿಲು ಹತ್ತಿ ಬಾಗಿಲ ಸಂದಿಯಿಂದ ನೋಡಿದೆ. ಹುಡುಗಿಯರು ದುಂಡಗೆ ಕುರ್ಚಿ ಹಾಕಿಕೊಂಡು ತೊಡೆಯ ಮೇಲೆ ದಿಂಬು ಇಟ್ಟುಕೊಂಡಿದ್ದರು. ನಡುವೆ ಮೋಟು ಕೂದಲಿನ ಒಬ್ಬ ಬಾಯಿ, ಅಂದರೆ ಮೇಡಂ, ಕೂತಿದ್ದಳು. ಮನಸ್ಸಿನ ಡಾಕ್ಟರಂತೆ. ಆಕೆ ಚಪ್ಪಾಳೆ ತಟ್ಟಿದ ಕೂಡಲೇ ಎಲ್ಲರೂ ದಿಂಬಿನಲ್ಲಿ ಮುಖ ಹುದುಗಿಸಿ ಕಿರುಚಿದರು. ಹೊರಗೆ ಬೇವಿನ ಗಿಡದ ಕಾಗೆಗಳು ಹಾರಿಹೋದವು. ಎಲ್ಲರೂ ನಿಲ್ಲಿಸಿದ ಮೇಲೂ ನನ್ನ ಮೊಮ್ಮಗಳ ಕೂಗು ನಿಂತಿರಲಿಲ್ಲ.

ನಾನು ಬಾಗಿಲು ದೂಡಿದೆ. "ಯಾರ ಸತ್ತಾರ್ರಿ ಬಾಯಾರ?"

ಡಾಕ್ಟರ್ ಬಾಯಿ ಎದ್ದು ಬಂದು ನಕ್ಕಳು. "ಯಾರೂ ಸತ್ತಿಲ್ಲರಿ ಅಮ್ಮಾರ. ಒಳಗ ಕಟಗೊಂಡದ್ದನ್ನ ಹೊರಗ ಹಾಕಾಕತ್ತಾರ."

"ಒಳಗ ಏನ ಕಟಗೊಂಡೈತಿ?"

"ಅದನ್ನ ನಾ ಒತ್ತಾಯ ಮಾಡಿ ಕೇಳೂದಿಲ್ಲರಿ. ಅವರಾಗಿ ಹೇಳಿದ್ರ ಕೇಳತೀನಿ."

"ಕೇಳೂದಿಲ್ಲಂದ್ರ ನೀವೆಂಥಾ ಡಾಕ್ಟರು? ದವಾಖಾನ್ಯಾಗ ಮೊದಲ ಎಲ್ಲಿ ನೋವೈತಿ ಅಂತನ ಕೇಳತಾರ. ಇದಕ್ಕ ಫೀ ಎಷ್ಟು?"

"ಏನೂ ಇಲ್ಲರಿ."

ಪುಕ್ಕಟೆ ಎಂದ ಮೇಲೆ ನನಗೆ ಇನ್ನೂ ಅನುಮಾನ ಬಂತು. ಆಕೆ ಒಂದು ದಿಂಬನ್ನು ನನ್ನ ಕಡೆ ಚಾಚಿದಳು. "ನೀವೂ ಒಮ್ಮೆ ಒದರ್ರಿ ಅಮ್ಮಾರ, ಎಷ್ಟ ವರ್ಷದ್ದು ಒಳಗ ಐತೋ!"

"ನಾ ಒದರಿದ್ರ ನಿಮ್ಮ ದಿಂಬ ಹರದು ಒಳಗಿನ ಹತ್ತಿ ಹಾರತೈತಿ."

ಹುಡುಗಿಯರೆಲ್ಲ ನಕ್ಕರು. ನನ್ನ ಮೊಮ್ಮಗಳು ಮಾತ್ರ ನಗಲಿಲ್ಲ.

ನಮ್ಮ ಕಡೆ ಗಂಡಸರಿಗೆ ಹೋಳಿ ಹುಣ್ಣಿಮೆ ಇದೆ. ಲಬೋ ಲಬೋ ಎಂದು ಬಾಯಿ ಬಡಿದುಕೊಂಡು ಓಣಿ ತಿರುಗಿದರೂ ಯಾರೂ ಏನೂ ಅನ್ನುವುದಿಲ್ಲ. ಹೆಂಗಸರು ಬಾಯಿ ತೆಗೆಯುವುದು ಹೆಣದ ಮುಂದೆ. ಹೆಣವಿಲ್ಲದೆ ಹೆಂಗಸು ಕೂಗಿದರೆ ಮನೆಗೆ ಹೆಣ ಕರೆದ ಹಾಗೆ ಎಂದು ನಮ್ಮತ್ತೆ ಹೇಳುತ್ತಿದ್ದಳು. ಬಸ್ಸಿನಲ್ಲಿ ಬರುವಾಗ ಅದನ್ನೇ ಹುಡುಗಿಗೆ ಹೇಳಿದೆ.

"ಎಲ್ಲಾರೂ ಒದರತಾರ ಆಯಿ. ಪರೀಕ್ಷಾ ಬಂದ್ರ ಹಾಸ್ಟೆಲ್ ಹುಡುಗ್ಯಾರು ಮಾಳಗಿ ಹತ್ತಿ ಒದರತಾರ."

"ಅವರಿಗೆ ಪರೀಕ್ಷಾದ ಅಂಜಿಕಿ. ನಿನಗ ಯಾವುದು?"

ಕಿಟಕಿಯ ಕಡೆ ಮುಖ ತಿರುಗಿಸಿದಳು. "ನನಗೂ ಪರೀಕ್ಷಾನ."

"ಇನ್ನ ಆ ಖೋಲಿಗೆ ಕಾಲ ಇಡಬ್ಯಾಡ."

"ಹೂಂ" ಅಂದಳು. ಇಡಲೂ ಇಲ್ಲ, ಸಿಪಾಯಿಯನ್ನು ಮತ್ತೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡೆ. ಆದರೆ ಗಂಟಲು ಮಾತ್ರ ಬಿದ್ದೇ ಇತ್ತು. ಹಾಗಾದರೆ ಈಕೆ ಎಲ್ಲಿ ಕೂಗುತ್ತಿದ್ದಾಳೆ? ಇದೇ ನನ್ನ ತಲೆ ತಿನ್ನತೊಡಗಿತು.

ನಮ್ಮ ಓಣಿಯಲ್ಲಿ ಮಗ್ಗದ ಸದ್ದು ಮುಂಜಾನೆ ಹತ್ತಿದರೆ ಸಂಜೆಯವರೆಗೆ ನಿಲ್ಲುವುದಿಲ್ಲ. ಹೊಸದಾಗಿ ಬಂದವರು ಕಿವಿ ಮುಚ್ಚಿಕೊಳ್ಳುತ್ತಾರೆ. ನಮಗೆ ಅದು ಕೇಳಿಸುವುದೇ ಇಲ್ಲ. ಅಮಾವಾಸ್ಯೆಗೆ ಮಾತ್ರ ಯಾರೂ ಮಗ್ಗಕ್ಕೆ ಕೂಡುವುದಿಲ್ಲ. ಮಗ್ಗ ಒರೆಸಿ, ಕಾಯಿ ಒಡೆದು ಬಿಡುತ್ತೇವೆ. ಅಂಥ ಒಂದು ಅಮಾವಾಸ್ಯೆಯ ಮಧ್ಯಾಹ್ನ, ಹುಡುಗಿಗೂ ಕಾಲೇಜು ರಜೆ, ಯಜಮಾನರಿಗೆ ಊಟ ಮಾಡಿಸಿ ಹೊಸ್ತಿಲ ಹತ್ತಿರ ಜೋಳ ಹಸನು ಮಾಡುತ್ತಿದ್ದೆ. ಓಣಿ ಸುಮ್ಮನಿತ್ತು. ಅಷ್ಟರಲ್ಲಿ ಹಿಂದಿನ ನೂಲಿನ ಖೋಲಿಯಿಂದ ಒಂದು ಕೂಗು ಬಂತು, ಕುರಿಯ ಕೊರಳಿಗೆ ಕತ್ತಿ ಇಟ್ಟ ಹಾಗೆ.

ಮೊರ ಬಿಟ್ಟು ನಾನು ಓಡಿದ್ದು ಹೊರಸಿನ ಕಡೆಗೆ. ಇವರೇ ಹೋದರು ಎಂದುಕೊಂಡೆ. ಇವರು ಕಣ್ಣು ಬಿಟ್ಟು, "ಏನಾತ?" ಎಂದರು. ನಾನು ಹಾಗೆ ಅಂದುಕೊಂಡ ಮೇಲೆ ಓಣಿಯವರು ಬಿಡುತ್ತಾರೆಯೇ? ಲಕ್ವಾ ಹೊಡೆದ ಮುದುಕ ಇರುವ ಮನೆ, ಮೇಲೆ ಅಮಾವಾಸ್ಯೆ. ಎಲ್ಲರಿಗಿಂತ ಮೊದಲು ಬಂದವಳು ಪಕ್ಕದ ಮನೆಯವಳು. ಸತ್ತವರ ಮನೆಯಲ್ಲಿ ಹಾಡಿಕೊಂಡು ಅಳುವುದರಲ್ಲಿ ಆಕೆಯನ್ನು ಮೀರಿಸುವವರಿಲ್ಲ. ಹೊಸ್ತಿಲಲ್ಲೇ ಕೂತು, ಕಣ್ಣು ಮುಚ್ಚಿ, ಎದೆ ಬಡಿದುಕೊಂಡು ಸುರು ಮಾಡಿದಳು.

"ಬಡವರ ಮಗ್ಗಕ ನೂಲ ಕೊಟ್ಟಾವಾ ಎದ್ದ ಹೋದ್ಯಾ... ಎಂದೂ ಯಾರಿಗೂ ಎದರ ಆಡದಾವಾ ಹ್ಯಾಂಗ ಹೋದ್ಯಾ..."

"ಯಾರ ಹೋದರ?" ಎಂದರು ಯಜಮಾನರು.

"ನೀವ."

"ಹಾಂ?"

"ಸುಮ್ನ ಕೇಳ್ರಿ. ಭಾಳ ಚಲೋ ಹೇಳಾಕತ್ತಾಳ."

ಮಾತು ಕೇಳಿ ಆಕೆ ಕಣ್ಣು ತೆರೆದಳು. "ಅಯ್ಯ! ಅದೀರೇನ್ರಿ?"

"ಅದೀನಿ. ಮುಂದ ಹಾಡವಾ. ನಾ ಇಷ್ಟ ಚಲೋ ಅದೀನಂತ ಇಲ್ಲೀತನಕ ಯಾರೂ ಹೇಳಿದ್ದಿಲ್ಲ."

ಅಷ್ಟೊತ್ತಿಗೆ ಅಂಗಳ ತುಂಬಿತ್ತು. ನನ್ನ ಮೈದುನ ಹೂವಿನ ಹಾರ ತರಲು ಆಗಲೇ ಆಳು ಕಳಿಸಿದ್ದ. ಹೆಣವಿಲ್ಲ ಎಂದು ತಿಳಿದ ಮೇಲೆ ಜನ ಸುಮ್ಮನೆ ಹಿಂದಿರುಗುವುದಿಲ್ಲ. ಹಾಗಾದರೆ ಕೂಗಿದವರು ಯಾರು? ನೂಲಿನ ಖೋಲಿಯ ಬಾಗಿಲಲ್ಲಿ ಹುಡುಗಿ ನಿಂತಿದ್ದಳು. ತುಟಿಗೆ ನೂಲಿನ ಎಳೆ ಅಂಟಿತ್ತು.

"ಇದ ಗಾಳಿನ" ಎಂದ ಮೈದುನ. "ಅಮಾಸಿ, ಅದರಾಗ ಮಟಮಟ ಮಧ್ಯಾಹ್ನ."

ಹುಡುಗಿ ನೆಲ ನೋಡುತ್ತಿದ್ದಳು.

"ಗಾಳಿ ಬಿಡಸಾವರ ಹತ್ರ ಕರಕೊಂಡ ಹೋಗ್ರಿ" ಎಂದಳು ಪಕ್ಕದ ಮನೆಯವಳು.

ಹುಡುಗಿ ಆಗಲೂ ನೆಲ ನೋಡುತ್ತಿದ್ದಳು.

"ಏನೂ ಬ್ಯಾಡ ವೈನಿ. ಬ್ಯಾಸಗೀತನಕ ಯಾಕ ಕಾಯೂದು? ಬರೂ ವಾರನ ಅಕ್ಕಿಕಾಳ ಹಾಕ್ರಿ, ಎಲ್ಲಾ ಸರಿ ಆಗತೈತಿ" ಎಂದ ಮೈದುನ ನನ್ನ ಕಡೆ ತಿರುಗಿ.

ಆಕೆಯ ಬಾಯಿ ತೆರೆಯಿತು. ದನಿ ಹೊರಡುವ ಮುನ್ನ ಎರಡೂ ಕೈಯಿಂದ ಮುಚ್ಚಿಕೊಂಡಳು. ಬೇರೆ ಯಾರೂ ನೋಡಲಿಲ್ಲ. ಎಲ್ಲರೂ ಮೈದುನನ ಮುಖ ನೋಡುತ್ತಿದ್ದರು. ನಾನು ನೋಡಿದೆ.

"ಹೋಗ್ರಿ ಎಲ್ಲಾರೂ. ಇವರು ಸತ್ತಾಗ ಹೇಳಿ ಕಳಸತೀನಿ" ಎಂದು ಅಂಗಳ ಖಾಲಿ ಮಾಡಿಸಿ, ಆಕೆಯ ರಟ್ಟೆ ಹಿಡಿದು ನೂಲಿನ ಖೋಲಿಗೆ ಕರೆದುಕೊಂಡು ಹೋಗಿ ಅಗಳಿ ಹಾಕಿದೆ.

"ಎಷ್ಟ ದಿನದಿಂದ ಇಲ್ಲಿ ಒದರಾಕತ್ತೀ?"

"ನೀ ಖೋಲಿಗೆ ಹೋಗಬ್ಯಾಡ ಅಂದಾಗಿಂದ. ನೀ ಮಗ್ಗಕ್ಕ ಕುಂತಿರ್ತೀ. ಬಾಯಾಗ ನೂಲ ಹಿಡಕೊಂಡ ಒದರಿದ್ರ ಆ ಸದ್ದಿನ್ಯಾಗ ಕೇಳಸೂದಿಲ್ಲ. ಇವತ್ತ ಅಮಾಸಿ ಅನ್ನೂದ ಖಬರ ಇರಲಿಲ್ಲ."

ಅಂದರೆ ನಾನು ಈ ಕಡೆ ಆಕೆಯ ಮದುವೆ ಸೀರೆ ನೇಯುವಾಗ, ಆಕೆ ಗೋಡೆಯ ಆ ಕಡೆ ಕೂಗುತ್ತಿದ್ದಳು.

"ಒದರಿದ್ದ ಸಾಕು. ಬಾಯಿ ಬಿಟ್ಟ ಹೇಳು."

"ಬೈತೀ."

"ಬೈತೀನಿ. ಹೇಳು."

"ಮಾವನ್ನ ಒಲ್ಲೆ ಆಯಿ. ಅವಂದೇನೂ ತಪ್ಪಿಲ್ಲ. ಸಣ್ಣಾಕಿದ್ದಾಗ ಹೆಗಲಮ್ಯಾಲೆ ಕುಂದರಿಸ್ಕೊಂಡ ಅಡ್ಡಾಡ್ಯಾನ. ನನ್ನ ಕುಂಡಿ ತೊಳದಾನ. ಅವನ ಮಗ್ಗಲಕ ಹ್ಯಾಂಗ ಮಲಗಲಿ?"

ಬೈದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಆಕೆಯ ತಾಯಿಯನ್ನೂ, ಕಾಲೇಜನ್ನೂ, ಮೋಟು ಕೂದಲಿನ ಬಾಯಿಯನ್ನೂ ಬೈದೆ. ಆಕೆ ಅತ್ತಳು, ಆದರೆ ಕೂಗಲಿಲ್ಲ. ಬೈದು ಮುಗಿದ ಮೇಲೆ ಕೇಳಿದೆ, "ಬ್ಯಾರೆ ಯಾವನರ ಅದಾನೇನು?"

"ಯಾರೂ ಇಲ್ಲ."

"ಅಜ್ಜನ ಮ್ಯಾಲ ಆಣಿ ಮಾಡು."

"ಅಜ್ಜ ಈಗರ ಸತ್ತ ಎದ್ದಾನ. ಮತ್ತ್ಯಾಕ ಅವನ ಸುದ್ದಿ?"

ನಗು ಬಂತು, ತೋರಿಸಲಿಲ್ಲ. ಯಾರೂ ಇಲ್ಲ ಎನ್ನುವ ಮಾತನ್ನು ನಾನು ಪೂರ್ತಿ ನಂಬಲಿಲ್ಲ, ಇವತ್ತಿಗೂ ನಂಬಿಲ್ಲ. ಇದ್ದರೆ ಮುಂದೆ ಗೊತ್ತಾಗುತ್ತದೆ. ಕೂಗಿದರೆ ಹಗುರಾಗುತ್ತದೆ ಎನ್ನುವುದನ್ನೂ ನಂಬುವುದಿಲ್ಲ. ಹಗುರಾಗಿದ್ದರೆ ಮರುದಿನ ಮತ್ತೆ ಯಾಕೆ ಕೂಗಬೇಕಾಗಿತ್ತು? ಆದರೆ ಒಲ್ಲೆ ಎಂದವಳನ್ನು ಮಗನ ಮಗ್ಗುಲಿಗೆ ನೂಕಿ, ಜೀವ ಇರುವ ತನಕ ಗೋಡೆಯ ಆಚೆ ಏನು ನಡೆದಿದೆಯೋ ಎಂದು ಕಿವಿಗೊಟ್ಟು ಕೂಡುವುದು ನನ್ನಿಂದ ಆಗುವ ಕೆಲಸವಲ್ಲ.

ಸಂಜೆ ಯಜಮಾನರಿಗೆ ಹೇಳಿದೆ. "ಹುಡುಗಗ ಯಾರ ಹೇಳಾವರು?" ಎಂದರು.

ಮರುದಿನ ಮುಂಜಾನೆ ಓಣಿಯಲ್ಲಿ ಮಗ್ಗಗಳು ಸುರುವಾದವು. ನಾನು ಕೂಡಲಿಲ್ಲ. ಮೊದಲ ಬಸ್ಸಿಗೆ ರೋಣ, ಅಲ್ಲಿಂದ ಇನ್ನೊಂದು ಬಸ್ಸಿಗೆ ನರಗುಂದ. ಮಗ ಅಂಗಡಿಯ ಮುಂದೆ ಕಡಲೆಯ ಚೀಲ ಎತ್ತುತ್ತಿದ್ದ.

"ಅವ್ವಾ, ಅಪ್ಪ ಆರಾಮ ಅದಾನಿಲ್ಲೋ?"

"ಅದಾನ. ಆಕಿ ಒಲ್ಲೆ ಅಂದಾಳ."

"ಏನ ಒಲ್ಲೆ ಅಂದಾಳ?"

"ನಿನ್ನ."

ಚೀಲ ಕೆಳಗೆ ಇಟ್ಟ. ಬಹಳ ಹೊತ್ತು ಗುಡ್ಡದ ಕಡೆ ನೋಡಿದ. ಕಿವಿಗಳು ಕೆಂಪಾಗಿದ್ದವು. "ಸೀರಿ ನೇಯಾಕತ್ತಿದ್ದೆಲ್ಲಾ?"

"ನೇಯ್ದ ಮಾರತೀನಿ."

"ನನ್ನ ಮುಂದರ ಹೇಳಬೇಕಿತ್ತ ಆಕಿ."

"ನನ್ನ ಮುಂದನ ಹೇಳಾಕ ಆಗಿಲ್ಲ, ನಿನ್ನ ಮುಂದ ಏನ ಹೇಳತಾಳ? ನೋಡು, ಒದರಬೇಕನಸಿದ್ರ ಗುಡ್ಡ ಐತಿ, ಹತ್ತಿ ಒದರು. ಆದರ ಆಕಿಗೆ ಫೋನ್ ಹಚ್ಚಿ ಒಂದ ಮಾತ ಅಂದೀ, ನಾ ಸುಮ್ನಿರೂದಿಲ್ಲ."

ಅವನು ಚೀಲ ತೂಗಿ ಮುಗಿಸಿ, ಕೈ ಒರೆಸಿಕೊಂಡು ನನ್ನನ್ನು ಬಸ್ ಸ್ಟ್ಯಾಂಡಿಗೆ ಕರೆತಂದ. ಬಸ್ಸು ಬಿಡುವಾಗ ಕಿಟಕಿಯಿಂದ ಬಿಸಿ ಮಿರ್ಚಿ ಭಜಿಯ ಪೊಟ್ಟಣ ಕೊಟ್ಟು, "ಆಕಿಗೆ ಕೊಡು" ಎಂದ.

ಮಿರ್ಚಿಯ ಜೊತೆ ಇನ್ನೂ ಏನಾದರೂ ಆಸೆ ಕಟ್ಟಿ ಕಳಿಸಿದ್ದಾನೋ ಎಂದು ನನಗೆ ಅನುಮಾನ ಬಂತು. ರೋಣ ಬರುವುದರೊಳಗೆ ಅಷ್ಟನ್ನೂ ನಾನೇ ತಿಂದೆ.