ಅಬ್ಬರ ಬಿಟ್ಟ ಗಾಯಕ

“ನೀನೊಬ್ಬ ಅಭಿಮಾನಿಯಾ?” ಎಂದು ತಮ್ಮನ ಕೈಯಿಂದ ಮೊಬೈಲ್ ಕಿತ್ತುಕೊಂಡೆ. ಮುಖಕ್ಕೆ ರಕ್ತದ ಬಣ್ಣ ಬಳಿದು ಅರಚುತ್ತಿದ್ದ ನಮ್ಮಿಬ್ಬರ ಮೆಚ್ಚಿನ ರಾಕ್ ಬ್ಯಾಂಡಿನ ಗಾಯಕ, ಹೊಸ ಆಲ್ಬಮ್ಮಿನಲ್ಲಿ ಮೆತ್ತಗೆ ಹಾಡಿದ್ದ. ತಮ್ಮನಿಗೆ ಅದು ಹಿಡಿಸಿತ್ತು. ನನಗೆ ಮೈಯೆಲ್ಲ ಉರಿದಿತ್ತು.

ಯಕ್ಷಗಾನದಲ್ಲಿ ವರ್ಷಗಟ್ಟಲೆ ರಾಕ್ಷಸನ ವೇಷ ಮಾಡಿದ ಅಪ್ಪಯ್ಯ ಜಗಲಿಯಲ್ಲಿ ಕೂತು ಹಳೆಯದು, ಹೊಸದು ಎರಡನ್ನೂ ಕೇಳಿದರು.

“ಎಷ್ಟ್ ಪ್ರಾಯ ಆಯ್ತ್ ಅವ್ನಿಗೆ?”

“ಅರವತ್ತ್ ದಾಟಿತ್” ಎಂದೆ.

“ಅಬ್ಬರ ಕೊಡುಕೆ ಉಸ್ರ್ ಬೇಕ್ ಮಗಾ. ಹಾಡುದ್ ಬಿಡ್ಲಿಲ್ಲೆ ಅಲ್ದಾ?”

ಆಮೇಲೆ ನನಗೆ ಅಲ್ಲಿ ಕೂರಲಾಗಲಿಲ್ಲ. ಉಸಿರು ಸಾಲದೆ ಅಪ್ಪಯ್ಯ ಈಗ ಋಷಿಮುನಿಗಳ ಪಾತ್ರವನ್ನಷ್ಟೇ ಮಾಡುತ್ತಾರೆ. ನನ್ನ ತಮ್ಮ ಹಾಲಾಡಿ, ಶಿರೂರು ಎನ್ನದೆ ಆ ಆಟಗಳಿಗೂ ಹೋಗಿ ಮುಂದಿನ ಸಾಲಿನಲ್ಲಿ ಕೂರುತ್ತಾನೆ. ರಾಕ್ಷಸನ ವೇಷ ನಿಂತ ಮೇಲೆ ನಾನು ಒಮ್ಮೆಯೂ ಹೋಗಿಲ್ಲ.