ಎರಡರಿಂದ ಶುರುವಾದ ಮಹಾಪ್ರಬಂಧ

ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ, ಮಹಡಿ ಮೆಟ್ಟಿಲ ಕೆಳಗೆ, ಬೆಕ್ಕು ಮೈ ಮುರಿದರೆ ಬಾಲ ಫುಟ್‌ಪಾತಿಗೆ ಬರುವಷ್ಟು ದೊಡ್ಡ ಕೋಣೆಯಲ್ಲಿ ರಂಗನಾಯಕಿ ನಲವತ್ತೊಂದು ವರ್ಷದಿಂದ ಟೈಪ್ ಮಾಡುತ್ತಿದ್ದಾರೆ. ಟೈಪ್‌ರೈಟರ್ ಕಾಲದಲ್ಲಿ ಅವರ ಬೆರಳಿನ ವೇಗಕ್ಕೆ ಯಂತ್ರ ಎಷ್ಟು ಬಿಸಿಯಾಗುತ್ತಿತ್ತೆಂದರೆ, ಮಳೆಗಾಲದಲ್ಲಿ ಪಕ್ಕದ ಮನೆಯ ಸುಬ್ಬಮ್ಮ ಅದರ ಮೇಲೆ ಹಪ್ಪಳ ಸುಟ್ಟುಕೊಂಡು ಹೋಗುತ್ತಿದ್ದರು. ಇನ್ನು ಅವರು ಹೊಡೆದ ಹಾಳೆಯ ಎಡ ಅಂಚು. ಗಾರೆ ಕೆಲಸದವನೊಬ್ಬ ಗೋಡೆಯ ನೇರ ನೋಡುವ ತೂಗುಗುಂಡು ಮರೆತು ಬಂದ ದಿನ ಆ ಹಾಳೆಯನ್ನೇ ಹಿಡಿದು ಹನುಮಂತನಗರದಲ್ಲಿ ಗೋಡೆ ಎತ್ತಿದನಂತೆ. ಆ ಮನೆ ಬಿದ್ದುಹೋಗಿ ಎಷ್ಟೋ ವರ್ಷವಾಯಿತು, ಗೋಡೆ ಇನ್ನೂ ನಿಂತಿದೆ.

ರಂಗನಾಯಕಿಯ ತಂದೆ ಕೋರ್ಟಿನ ಮುಂದೆ ಹುಣಸೆಮರದ ಕೆಳಗೆ ಕೂತು ಅರ್ಜಿ ಬರೆಯುತ್ತಿದ್ದವರು. ಮಗಳಿಗೆ ಅವರು ಬಿಟ್ಟುಹೋದ ಆಸ್ತಿ ಒಂದೇ ಮಾತು: "ಶ್ರೀ ಬರೀದೆ ಹಾಳೆ ಮುಟ್ಟಬೇಡ. ಅದು ಹೊಸಲಿಲ್ಲದ ಮನೆ, ಕಂಡೋರೆಲ್ಲಾ ನುಗ್ತಾರೆ." ಮಗಳು ಮುಟ್ಟಲಿಲ್ಲ. ಬಾಡಿಗೆ ಕರಾರಿರಲಿ, ನಲ್ಲಿಯಲ್ಲಿ ನೀರು ಬರುವುದಿಲ್ಲವೆಂಬ ದೂರಿರಲಿ, ಗಂಡ ಹೆಂಡಿರು ಬೇರೆಯಾಗುವ ಅರ್ಜಿಯೇ ಇರಲಿ, ತಲೆಯ ಮೇಲೆ ಶ್ರೀ. ಕಂಪ್ಯೂಟರ್ ಬಂದ ಮೇಲೆ ಕಚೇರಿಯ ಗುಮಾಸ್ತರು ತಕರಾರು ತೆಗೆದರು. "ಏನಮ್ಮಾ ಇದು, ನೋಟಿಸೋ ಲಗ್ನಪತ್ರಿಕೆಯೋ?" ಅಂದರು. ರಂಗನಾಯಕಿ ವಾದ ಮಾಡಲಿಲ್ಲ. ಶ್ರೀ ಬರೆದರು, ಅದನ್ನು ಇರುವೆಯ ಕಣ್ಣಷ್ಟು ಚಿಕ್ಕದು ಮಾಡಿದರು, ಇಡೀ ಸಾಲಿಗೆ ಬಿಳಿ ಬಣ್ಣ ಹಚ್ಚಿದರು. ಬಿಳಿ ಹಾಳೆ, ಬಿಳಿ ಶ್ರೀ. ದೇವರಿಗೆ ಕಾಣುತ್ತದೆ, ಗುಮಾಸ್ತನಿಗೆ ಕಾಣುವುದಿಲ್ಲ. ಕಡೆಕಡೆಗೆ ಅದು ಎಷ್ಟು ಅಭ್ಯಾಸವಾಯಿತೆಂದರೆ, ಉಸಿರಾಡಿದ್ದು ಹೇಗೆ ನೆನಪಿರುವುದಿಲ್ಲವೋ ಹಾಗೆ ಬರೆದದ್ದೂ ಅವರಿಗೆ ನೆನಪಿರುತ್ತಿರಲಿಲ್ಲ.

ಹೀಗಿರುವಾಗ ಮಧುರಾ ಬಂದರು. ಹನುಮಂತನಗರದವರು, ಸರ್ಕಾರಿ ಶಾಲೆಯ ಕನ್ನಡ ಮೇಡಂ, ವಯಸ್ಸು ನಲವತ್ತೊಂಬತ್ತು. ಒಂಬತ್ತು ವರ್ಷದಿಂದ ಬೆಂಗಳೂರಿನ ಮುಚ್ಚಿಹೋದ ಬಾವಿಗಳ ಹೆಸರು ಹುಡುಕಿ ಮಹಾಪ್ರಬಂಧ ಬರೆದಿದ್ದರು. ಯಾವ ಅಪಾರ್ಟ್‌ಮೆಂಟಿನ ಲಿಫ್ಟಿನ ಕೆಳಗೆ ಯಾವ ಬಾವಿ ಮಲಗಿದೆ ಎಂಬುದು ಅವರಿಗೆ ಬಾಯಿಪಾಠ. ವಿಶ್ವವಿದ್ಯಾಲಯ ಈ ಸಲ ಹೊಸ ನಿಯಮ ಮಾಡಿತ್ತು. ತಾವು ಕೊಡುವ ಟೆಂಪ್ಲೇಟಿನಲ್ಲೇ, ಅಂದರೆ ಅಂಚು, ಅಕ್ಷರ, ತಲೆಬರಹ ಎಲ್ಲವನ್ನೂ ಮೊದಲೇ ಗೊತ್ತುಮಾಡಿಟ್ಟ ಅಚ್ಚಿನಲ್ಲೇ, ಪ್ರಬಂಧ ಹೊಯ್ದು ವೆಬ್‌ಸೈಟಿಗೆ ಏರಿಸಬೇಕು. ಅಳತೆ ನೋಡುವುದು ಮನುಷ್ಯರಲ್ಲ, ಯಂತ್ರ. ಮೂರು ಸಲ ಏರಿಸಬಹುದು. ಮೂರನೆಯದೂ ತಿರಸ್ಕಾರವಾದರೆ ನೋಂದಣಿ ರದ್ದು, ಒಂಬತ್ತು ವರ್ಷ ಬಾವಿಗೆ.

ರಂಗನಾಯಕಿ ಟೈಪ್ ಮಾಡಿ ಏರಿಸಿದ್ದು ಎರಡು ಸಲ ತಿರಸ್ಕಾರವಾಗಿತ್ತು. ಎರಡು ಸಲವೂ ಒಂದೇ ಉತ್ತರ: ಅಧ್ಯಾಯಗಳ ಸಂಖ್ಯೆ ನಮೂನೆಯಂತಿಲ್ಲ. ಇವತ್ತು ಸಂಜೆ ನಾಲ್ಕಕ್ಕೆ ಗಡುವು. ಈಗ ಗಂಟೆ ಒಂದು.

"ಮೇಡಂ, ನಮ್ಮ ಪ್ರಬಂಧ ಎರಡನೇ ಅಧ್ಯಾಯದಿಂದ ಯಾಕೆ ಶುರುವಾಗತ್ತೆ?" ಎಂದು ಮಧುರಾ ಹತ್ತನೇ ಸಲ ಕೇಳಿದರು. ಪರದೆಯ ಮೇಲೆ 'ಅಧ್ಯಾಯ ೨: ಪೀಠಿಕೆ' ಎಂದು ದಪ್ಪ ಅಕ್ಷರದಲ್ಲಿ ಕೂತಿತ್ತು. ಏಳು ಅಧ್ಯಾಯದ ಪ್ರಬಂಧ ಎಂಟರಲ್ಲಿ ಮುಗಿಯುತ್ತಿತ್ತು.

"ಸಂಖ್ಯೆ ನಾನು ಹಾಕಲ್ಲಮ್ಮ, ಟೆಂಪ್ಲೇಟೇ ಹಾಕ್ಕೊಳತ್ತೆ. ತಲೆಬರಹ ಅಂತ ಯಾವ್ಯಾವ ಸಾಲಿದೆಯೋ ಎಲ್ಲಾ ತಾನೇ ಎಣಿಸ್ಕೊಂಡು ಹೋಗತ್ತೆ."

"ಎಣಿಸೋಕೆ ಬರಲ್ವಾ ಹಾಗಾದ್ರೆ ಅದಕ್ಕೆ?"

ರಂಗನಾಯಕಿ ಎಲ್ಲಾ ಮಾಡಿ ನೋಡಿದ್ದರು. ೨ ಅಳಿಸಲು ಹೋದರು, ಅದು ಅಳಿಯಲಿಲ್ಲ. ಅದರ ಮುಂದೆ ಕೈಯಿಂದಲೇ ಬರೆದರು, 'ಅಧ್ಯಾಯ ೨ ಅಧ್ಯಾಯ ೧' ಎಂದು ಬಂತು, ಗಂಡನ ಮನೆ ಹೆಸರೂ ತವರಿನ ಹೆಸರೂ ಒಟ್ಟಿಗೆ ಇಟ್ಟುಕೊಂಡವರ ಹಾಗೆ. ಕಂಪ್ಯೂಟರ್ ಆರಿಸಿ, ಕುಂಕುಮ ಇಟ್ಟು, ಮತ್ತೆ ಹೊತ್ತಿಸಿದರು. ಪಕ್ಕದ ಬೈಂಡಿಂಗ್ ಅಂಗಡಿಯ ಪುಟ್ಟಯ್ಯ ಅಂಟಿನ ಕೈಯಲ್ಲೇ ರಟ್ಟು ಹಿಡಿದು ಬಂದು ಇಣುಕಿದ.

"ಏನ್ ರಂಗಮ್ಮೋರೇ, ರಟ್ಟು ಕತ್ತರಿಸ್ಲಾ ಬೇಡ್ವಾ? ಬೆಳಗ್ಗಿಂದ ಕಾಯ್ತಿದೀನಿ, ಅಂಟು ನನ್ ಬೆರಳಿಗೇ ಬೈಂಡಿಂಗ್ ಆಗೋಯ್ತು."

"ಸುಮ್ನಿರೋ ಪುಟ್ಟಯ್ಯ, ಇಲ್ಲಿ ಒಂದು ಸಿಗ್ತಿಲ್ಲ."

"ಎರಡರಿಂದ ಶುರು ಮಾಡಿದ್ರೇನು? ನಮ್ ತಾತನ ಮದುವೆಗಳನ್ನ ನಾವು ಎರಡರಿಂದಾನೇ ಎಣಿಸೋದು. ಮೊದಲ್ನೇದರ ಮಾತು ಮನೇಲಿ ಯಾರೂ ಎತ್ತಲ್ಲ."

ಯಾರೂ ನಗದಿದ್ದಕ್ಕೆ ಪುಟ್ಟಯ್ಯ ಬಾಗಿಲಲ್ಲೇ ನಿಂತ.

ರಂಗನಾಯಕಿ ಮೌಸ್ ಹಿಡಿದು ಗೊತ್ತಿಲ್ಲದ ಗುಂಡಿಗಳನ್ನೆಲ್ಲ ಒಂದೊಂದಾಗಿ ಒತ್ತುತ್ತ ಹೋದರು, ಗಂಟೆ ಮೂರಾಗುತ್ತ ಬಂತು. ಯಾವುದೋ ಒಂದನ್ನು ಒತ್ತಿದಾಗ ಹಾಳೆ ಬಟ್ಟೆ ಬಿಚ್ಚಿ ನಿಂತಿತು, ಮುದ್ರಣದಲ್ಲಿ ಬಾರದ ಗುರುತುಗಳೆಲ್ಲ ಕಂಡವು. ಪದಪದದ ನಡುವೆ ಸಣ್ಣ ಚುಕ್ಕಿ, ಪ್ಯಾರಾದ ಕೊನೆಗೆಲ್ಲ ಒಂಟಿಕಾಲಿನ ಗುರುತು. ಖಾಲಿ ಎಂದುಕೊಂಡ ಕಡೆಯೆಲ್ಲ ಯಾರೋ ಇದ್ದರು. ಬಾವಿಗಳ ಪ್ರಬಂಧದೊಳಗೆ ಸಾವಿರ ಕೊಕ್ಕರೆ ಒಂಟಿಕಾಲಿನಲ್ಲಿ ಮೀನಿಗೆ ಕಾಯುತ್ತಿದ್ದ ಹಾಗಿತ್ತು. ಅವುಗಳನ್ನು ನೋಡುತ್ತ ಕೂತ ರಂಗನಾಯಕಿಯ ರೆಪ್ಪೆ ಭಾರವಾಯಿತು. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಹೊರಗೆ ಯಾರದೋ ಆಟೋ ಸ್ಟಾರ್ಟಾಗಲೋ ಬೇಡವೋ ಎಂದು ಗೊಣಗುತ್ತಿತ್ತು.

"ಒಂದೈದು ನಿಮಿಷ ಕಣ್ಣು ಮುಚ್ಚಿ ಮೇಡಂ, ನಾನು ಎಬ್ಬಿಸ್ತೀನಿ," ಎಂದರು ಮಧುರಾ.

ಕಣ್ಣು ಮುಚ್ಚಿದರು. ಮುಚ್ಚಿದ್ದೇ ತಡ, ಹಾಳೆಯೊಳಗೆ ಕಾಲಿಟ್ಟರು.

ಒಳಗೆ ಬಿಸಿಲಿರಲಿಲ್ಲ, ನೆರಳೂ ಇರಲಿಲ್ಲ, ಹಾಲಿನಂಥ ಬೆಳಕು. ಎರಡೂ ಕಡೆ ಅಂಚು, ಬಸವನಗುಡಿಯ ಹಳೇ ರಸ್ತೆಯ ಫುಟ್‌ಪಾತಿನಷ್ಟು ಅಗಲ, ಮೇಲೆ ಒಂದು ಸ್ಕೂಟರೂ ಇಲ್ಲ. ಸಾಲುಗಳು ಬೀದಿಗಳಾಗಿದ್ದವು. ಒತ್ತಕ್ಷರಗಳು ಜಗಲಿಯ ಕೆಳಗೆ ಕಾಲು ಇಳಿಬಿಟ್ಟು ಕೂತಿದ್ದವು. ಕೊಕ್ಕರೆಗಳು ರಂಗನಾಯಕಿಗೆ ದಾರಿ ಬಿಟ್ಟು ಇನ್ನೊಂದು ಕಾಲಿಗೆ ಬದಲಾಯಿಸಿಕೊಂಡವು. ಎಲ್ಲೋ ಕೆಳಗೆ, ಬಹಳ ಕೆಳಗೆ, ಬಿಂದಿಗೆ ನೀರಿಗೆ ತಾಗಿದ ಸದ್ದು. ಬೀದಿಯ ಮೊದಲ ಮನೆ ಎಂದುಕೊಂಡು ಪೀಠಿಕೆಯ ಬಾಗಿಲು ತಟ್ಟಿದರು.

"ಯಾರು ಬೇಕಿತ್ತು?" ಒಳಗಿನಿಂದ ಪೀಠಿಕೆ ಕೇಳಿತು.

"ಒಂದನೇ ನಂಬರ್ ಮನೆ ಇದೇ ಅಲ್ವಾ?"

"ಅಲ್ಲಮ್ಮ, ನಮ್ದು ಎರಡು. ಒಂದು ಪಕ್ಕದ್ದು. ಅಲ್ಲೊಬ್ರು ಇದಾರೆ, ಬಿಳೀ ಮಡಿ ಉಟ್ಕೊಂಡಿರ್ತಾರೆ, ಬಿಳೀ ಗೋಡೆಗೆ ಒರಗಿರ್ತಾರೆ. ಕಾಣ್ಸಲ್ಲ. ಆದ್ರೆ ಬಾಡಿಗೆದಾರ್ರ ಪಟ್ಟೀಲಿ ಮೊದಲ್ನೇ ಹೆಸರೇ ಅವರದು."

"ಪಟ್ಟೀನಾ?" ಎಂದು ಕೂಗಿಕೊಂಡೇ ರಂಗನಾಯಕಿ ಎದ್ದರು. ಬಾಗಿಲಲ್ಲಿದ್ದ ಪುಟ್ಟಯ್ಯನ ಕೈಯ ರಟ್ಟು ಬಿತ್ತು.

ಪಟ್ಟಿಯೆಂದರೆ ಪರಿವಿಡಿ. ಅದನ್ನು ಟೆಂಪ್ಲೇಟೇ ತಯಾರಿಸಿಕೊಡುತ್ತದೆ, ಒಂದು ಗುಂಡಿ ಒತ್ತಿದರೆ ಸಾಕು ಎಂದು ವಿಶ್ವವಿದ್ಯಾಲಯದ ಸೂಚನೆಯಲ್ಲಿತ್ತು. ರಂಗನಾಯಕಿಗೆ ಅದು ಅವಮಾನವೆನಿಸಿತ್ತು. ಊರಿಗೆಲ್ಲ ಪರಿವಿಡಿ ಹೊಡೆದುಕೊಟ್ಟ ಕೈ, ಗುಂಡಿಯ ದಾಕ್ಷಿಣ್ಯಕ್ಕೆ ಬೀಳುವುದೇ? ಒಂದರಿಂದ ಏಳು ಅಧ್ಯಾಯಗಳನ್ನು ಕೈಯಿಂದಲೇ ಬರೆದು, ಹೆಸರಿಗೂ ಪುಟಸಂಖ್ಯೆಗೂ ನಡುವೆ ಒಂದೊಂದೇ ಚುಕ್ಕಿ ಇಟ್ಟಿದ್ದರು, ಸಾಲಿಗೆ ಅರವತ್ತೊಂದು. ಆ ಚುಕ್ಕಿಗಳಲ್ಲಿ ಧನುರ್ಮಾಸದ ಮೂವತ್ತೂ ದಿನಕ್ಕೆ ರಂಗೋಲಿ ಆಗುತ್ತಿತ್ತು. ಅವನ್ನೆಲ್ಲ ಒಂದೇ ಏಟಿಗೆ ಅಳಿಸಿ, ಹಲ್ಲು ಕಚ್ಚಿಕೊಂಡು ಗುಂಡಿ ಒತ್ತಿದರು.

ಪರಿವಿಡಿ ತಾನಾಗಿ ಇಳಿದು ಬಂತು. ಮೊದಲನೇ ಸಾಲು ಕಪ್ಪು ಅಕ್ಷರದಲ್ಲಿ, ಸ್ಪಷ್ಟವಾಗಿ:

ಅಧ್ಯಾಯ ೧: ಶ್ರೀ.

ಮೂರು ಜನವೂ ಅದನ್ನೇ ನೋಡಿದರು. ಬೀದಿಯ ಆಟೋ ಕೂಡ ಆಗ ಬಾಯಿ ಮುಚ್ಚಿತು.

"ಇದ್ಯಾರು ಮೇಡಂ? ನಾನು ಇಂಥಾ ಅಧ್ಯಾಯ ಬರೀಲಿಲ್ಲ," ಎಂದರು ಮಧುರಾ.

ರಂಗನಾಯಕಿಗೆ ಆಗ ಎಲ್ಲಾ ಒಟ್ಟಿಗೆ ತಿಳಿಯಿತು. ಟೆಂಪ್ಲೇಟ್ ತೆರೆದಾಗ ಕರ್ಸರ್ ಮಿನುಗುತ್ತಿದ್ದದ್ದು ತಲೆಬರಹದ ಸಾಲಿನಲ್ಲಿ. ಕೈ ತಾನಾಗಿ ಶ್ರೀ ಬರೆದಿತ್ತು, ಬಿಳಿ ಹಚ್ಚಿತ್ತು. ಯಂತ್ರಕ್ಕೆ ಬಣ್ಣವೆಲ್ಲಿ ಗೊತ್ತು? ತಲೆಬರಹದ ಜಾಗದಲ್ಲಿ ಕೂತವರನ್ನು ಅದು ಒಂದು ಎಂದು ಎಣಿಸಿತ್ತು. ಸುಮ್ಮನೆ ಅಳಿಸಿ, 'ಟೆಂಪ್ಲೇಟಿನ ದೋಷ' ಎಂದುಬಿಡಬಹುದಿತ್ತು, ಎದುರಿಗಿದ್ದವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ನಾಲಿಗೆ ತುದಿಯವರೆಗೆ ಬಂದ ಆ ಮಾತು ಅಲ್ಲೇ ಒಣಗಿತು.

"ನಾನೇ ಬರ್ದಿದ್ದು ಮಧುರಾ," ಎಂದರು. "ಎರಡು ಸಲ ನಿಮ್ಮ ಪ್ರಬಂಧ ವಾಪಸ್ ಬಂದಿದ್ದು ನನ್ನಿಂದ." ಅಪ್ಪನ ಮಾತು, ಗುಮಾಸ್ತರ ತಕರಾರು, ಬಿಳಿ ಬಣ್ಣ ಎಲ್ಲವನ್ನೂ ಹೇಳಿದರು. ಹೇಳುವಾಗ ಪರದೆಯ ಕಡೆಗೇ ನೋಡುತ್ತಿದ್ದರು.

"ಮೂರು ರಾತ್ರಿಯಿಂದ ನಿದ್ದೆ ಮಾಡಿಲ್ಲ ನಾನು," ಎಂದರು ಮಧುರಾ. ಆಮೇಲೆ, "ತೆಗೀರಿ ಅದನ್ನ."

ರಂಗನಾಯಕಿಯ ಬೆರಳು ಅಳಿಸುವ ಕೀಲಿಯ ಮೇಲೆ ನಿಂತಿತು, ಇಳಿಯಲಿಲ್ಲ. ಐರಾವತವನ್ನು ಎತ್ತಿ ಪಕ್ಕಕ್ಕಿಡು ಎಂದಿದ್ದರೂ ಇಷ್ಟು ಭಾರವಾಗುತ್ತಿರಲಿಲ್ಲ. ಬರೆದ ಶ್ರೀಯನ್ನು ಅಳಿಸಿದ ಕೈ ಅವರ ವಂಶದಲ್ಲೇ ಇರಲಿಲ್ಲ. ಗೋಡೆ ಗಡಿಯಾರದಲ್ಲಿ ಮೂರು ಇಪ್ಪತ್ತು.

"ರಂಗಮ್ಮೋರೇ," ಎಂದ ಪುಟ್ಟಯ್ಯ, ಈ ಸಲ ತಮಾಷೆಯಿಲ್ಲದೆ, "ಗಣಪತೀನ ಕೂರಿಸ್ತೀವಿ. ಕೂರಿಸಿದ ಮೇಲೆ ಕಳಿಸಲ್ವಾ? ಬಿಡ್ಬೇಕಾದ್ರೆ ಯಾರಾದ್ರೂ ಅಳಿಸ್ಬಿಟ್ರು ಅಂತಾರಾ?"

ರಂಗನಾಯಕಿ ಅವನನ್ನು ನೋಡಿದರು. ಎದ್ದು ಕೈ ತೊಳೆದು ಬಂದರು. ಪೂಜೆ ಮುಗಿದ ಮೇಲೆ ವಿಗ್ರಹವನ್ನು ಉತ್ತರಕ್ಕೆ ಒಂದಿಷ್ಟು ಕದಲಿಸಿ ಕಳಿಸಿಕೊಡುವ ಹಾಗೆ, ಮೊದಲು ಕೀಬೋರ್ಡನ್ನೇ ಉತ್ತರಕ್ಕೆ ಒಂದೆಳೆ ಜರುಗಿಸಿದರು. "ಹೋಗಿ ಬಾರಪ್ಪ," ಎಂದು ತುಟಿಯಲ್ಲೇ ಹೇಳಿ ಬಿಳಿ ಸಾಲನ್ನು ದೊಡ್ಡದು ಮಾಡಿ ಕಪ್ಪು ಬಣ್ಣ ಕೊಟ್ಟರು. ಎಷ್ಟೋ ವರ್ಷದ ಮೇಲೆ ತಾವು ಬರೆದ ಶ್ರೀಯ ಮುಖ ನೋಡಿದರು.

ಕೀಲಿ ಒತ್ತಿದರು. ಶ್ರೀ ಒಮ್ಮೆಗೇ ಹೋಗಲಿಲ್ಲ. ಮೊದಲು ಗುಡಿಸಿನ ದೀರ್ಘ ಕಳಚಿ ಶ್ರ ಆಯಿತು. ಆಮೇಲೆ ಒತ್ತು ಹೋಗಿ ಶ್ ಉಳಿಯಿತು, ಮಗು ಮಲಗಿದೆ ಸದ್ದು ಮಾಡಬೇಡಿ ಎಂಬಂತೆ. ಆಮೇಲೆ ಬರೀ ಶ. ನಾಲ್ಕನೇ ಸಲಕ್ಕೆ ಅದೂ ಇಲ್ಲ. ಅಲಂಕಾರ ಒಂದೊಂದಾಗಿ ತೆಗೆದಿಟ್ಟು ದೇವರು ತಾನೇ ನಡೆದುಹೋದ ಹಾಗಿತ್ತು. ಕೊನೆಗೆ ಖಾಲಿ ಸಾಲಿನ ಒಂಟಿ ಕೊಕ್ಕರೆಯೂ ಹಾರಿತು.

ಆ ಕ್ಷಣವೇ ಪ್ರಬಂಧವಿಡೀ ಸರಿಯಿತು. ಮೆಜೆಸ್ಟಿಕ್ ಬಸ್ಸಿನಲ್ಲಿ ಮುಂದಿನ ಸೀಟಿನವರು ಇಳಿದಾಗ ಹಿಂದಿನವರೆಲ್ಲ ಒಂದೊಂದು ಸೀಟು ಮುಂದೆ ಬರುವ ಹಾಗೆ, ಪೀಠಿಕೆ ಒಂದಾಯಿತು, ಎಂಟು ಏಳಾಯಿತು. ಪರಿವಿಡಿಯ ಗುಂಡಿ ಮತ್ತೆ ಒತ್ತಿದರು. ಮೊದಲ ಸಾಲಿನಲ್ಲಿ ಪೀಠಿಕೆ ನಿಂತಿತ್ತು.

ಏರಿಸಿದರು. ಪರದೆಯ ಮೇಲೆ ಪುಟ್ಟ ಚಕ್ರ ತಿರುಗತೊಡಗಿತು. ಭೂಮಿ ಸೂರ್ಯನನ್ನು ಎರಡು ಸುತ್ತು ಹಾಕಿ ಬಂದರೂ ಅದು ನಿಲ್ಲುವ ಹಾಗಿರಲಿಲ್ಲ. ಮಧುರಾ ರಂಗನಾಯಕಿಯ ಮಣಿಕಟ್ಟು ಹಿಡಿದುಕೊಂಡಿದ್ದರು, ಬೇಕೆಂದಲ್ಲ, ಹತ್ತಿರದಲ್ಲಿ ಸಿಕ್ಕಿದ್ದು ಅದೇ. ಚಕ್ರ ನಿಂತಿತು. 'ಸ್ವೀಕರಿಸಲಾಗಿದೆ' ಎಂದು ಹಸಿರು ಅಕ್ಷರ ಬಂತು. ಮೂರು ಮೂವತ್ತೆಂಟು.

"ರಟ್ಟು ಕತ್ತರಿಸ್ತೀನಿ," ಎಂದು ಪುಟ್ಟಯ್ಯ ಓಡಿದ.

ಮಧುರಾ ಮಣಿಕಟ್ಟು ಬಿಡಲಿಲ್ಲ. ಕಣ್ಣಲ್ಲಿ ನೀರಿತ್ತು, ಸಿಟ್ಟೂ ಒಂದಿಷ್ಟು ಉಳಿದಿತ್ತು. "ಒಂಬತ್ತು ವರ್ಷ ನಾನು ಕಣ್ಣಿಗೆ ಕಾಣದ ಬಾವಿ ಹುಡುಕ್ದೆ," ಎಂದರು. "ನನ್ನ ಪ್ರಬಂಧದೊಳಗೇ ಒಂದು ತೋಡಿಟ್ಟಿದ್ರಲ್ಲ ಮೇಡಂ ನೀವು."

"ಬೈಯಿರಿ, ತಪ್ಪಿಲ್ಲ."

"ಬೈತೀನಿ. ಈಗ ಶಕ್ತಿ ಇಲ್ಲ. ಊಟ ಆಗಿದ್ಯಾ ನಿಮ್ದು?"

"ಇಲ್ಲ."

"ನಂದೂ ಇಲ್ಲ. ಏಳಿ, ಉಪ್ಪಿಟ್ಟು ತಿಂತಾ ಬೈತೀನಿ."

ರಂಗನಾಯಕಿ ಬಾಗಿಲು ಎಳೆದುಕೊಂಡರು. ಇಬ್ಬರೂ ಇಳಿಬಿಸಿಲಿನಲ್ಲಿ ಹೋಟೆಲಿನ ಕಡೆ ನಡೆದರು, ಮಧುರಾ ಒಂದು ಹೆಜ್ಜೆ ಮುಂದೆ, ರಂಗನಾಯಕಿ ಒಂದು ಹೆಜ್ಜೆ ಹಿಂದೆ, ಮೊದಲನೇ ಬೈಗುಳಕ್ಕೆ ಕಾಯುತ್ತಾ.