ಗುಂಡಿ ಇಲ್ಲದ ಸ್ವೆಟರ್

ನನ್ನ ಮೊದಲ ಹೆಣಿಗೆ ಕಡ್ಡಿಗಳು ಬಂದದ್ದು ಒಂದು ಮುರುಕು ಛತ್ರಿಯಿಂದ. ನಮ್ಮ ಜೇವರ್ಗಿಯಲ್ಲಿ ಛತ್ರಿಗೆ ಮಳೆಗಿಂತ ಬಿಸಿಲಿನ ಕೆಲಸವೇ ಹೆಚ್ಚು. ಬಟ್ಟೆ ಬಣ್ಣಗೆಟ್ಟು ಚಿಂದಿಯಾದ ಮೇಲೂ ಕಡ್ಡಿಗಳು ಗಟ್ಟಿಯಾಗಿಯೇ ಉಳಿದಿರುತ್ತಿದ್ದವು. ಅವುಗಳಲ್ಲಿ ಎರಡನ್ನು ಕಿತ್ತು, ತುದಿಯನ್ನು ಕಲ್ಲಿಗೆ ತಿಕ್ಕಿ ನಯಮಾಡಿ, “ಹಿಡಿ ಬೇಟಿ, ಇವೇ ಸಲಾಯಿ” ಎಂದು ನನ್ನ ಕೈಗಿತ್ತವರು ಪಕ್ಕದ ಮನೆಯ ಖಾಲಾ. ಅವರ ಯಜಮಾನರು ತಹಸೀಲ ಕಚೇರಿಯ ಗುಮಾಸ್ತರಾಗಿ ಹೈದರಾಬಾದಿನಿಂದ ಬಂದವರು. ಅದು ನಿಜಾಮರ ಕಾಲ. ದೂರದಲ್ಲೆಲ್ಲೋ ಮಹಾಯುದ್ಧ ನಡೆದಿತ್ತು. ಆಳಂದದಿಂದ ಸೊಸೆಯಾಗಿ ಬಂದ ನಾನು, ಮಧ್ಯಾಹ್ನ ಕೈ ಖಾಲಿಯಾದಾಗ ತವರನ್ನು ನೆನೆದು ಮೂಗೊರೆಸಿಕೊಳ್ಳುವುದಕ್ಕಿಂತ ಇದು ವಾಸಿಯೆಂದು ಆ ಕಡ್ಡಿಗಳನ್ನು ಹಿಡಿದೆ.

ಹೆಣಿಗೆಯಲ್ಲಿ ಇರುವುದು ಎರಡೇ ವಿದ್ಯೆ: ಸೀದಾ ಮತ್ತು ಉಲ್ಟಾ. ಜಗತ್ತಿನ ಎಲ್ಲ ಸ್ವೆಟರುಗಳೂ ಈ ಎರಡರ ಸಂಸಾರವೇ. ಮೊದಲಿಗೆ ನನಗೇ ಒಂದು ಮಫ್ಲರ್ ಹೆಣೆದುಕೊಂಡೆ. ಮೇಲ್ಮೈಯಲ್ಲಿ ಸೀದಾ ಕುಣಿಕೆಗಳೇ ಕಾಣಬೇಕು, ಉಲ್ಟಾ ಎಂಬುದರ ಸುಳಿವೂ ಇರಬಾರದು ಎಂಬ ಹೊಸಬಳ ಹಟ ನನ್ನದು. ಮುಗಿಸಿ ಚಾಪೆಯ ಮೇಲೆ ಹಾಸಿದರೆ ಅದು ಎರಡೂ ಅಂಚಿನಿಂದ ಮಡಚಿಕೊಂಡು ಕೊಳವೆಯಾಯಿತು. ಖಾಲಾ ಹೊಟ್ಟೆ ಹಿಡಿದುಕೊಂಡು ನಕ್ಕರು. “ಕಿನಾರಿಗೆ ಸ್ವಲ್ಪ ಉಲ್ಟಾ ಹಾಕ್ಬೇಕು ಬೇಟಿ. ಪೂರಾ ಸೀದಾ ಇದ್ರೆ ಹಿಂಗೇ ಸುರಳಿ ಆಗ್ತದ.” ಮನುಷ್ಯರಲ್ಲೂ ಅಂಥವರನ್ನು ನೀವು ಕಂಡಿರಬಹುದು, ಎಲ್ಲದರಲ್ಲೂ ನೆಟ್ಟಗಿರಲು ಹೋಗಿ ಯಾರ ಕೊರಳಿಗೂ ಒಗ್ಗದವರು. ಆ ಕೊಳವೆಯನ್ನು ನಾನು ಎರಡು ಚಳಿಗಾಲ ಸುತ್ತಿಕೊಂಡೆ. ಸ್ವಂತಕ್ಕೆ ಹೆಣೆಯುವುದರ ಸುಖ ಇದೇ ನೋಡಿ, ದೂರು ಕೊಡುವವರೂ ಕೇಳುವವರೂ ಒಬ್ಬರೇ.

ಎರಡನೆಯದು ನಮ್ಮ ಯಜಮಾನರ ಕಾಲುಚೀಲ. ಅಡತಿ ಅಂಗಡಿಯ ತಣ್ಣನೆಯ ಕಲ್ಲುಹಾಸಿನ ಮೇಲೆ ಬೆಳಗಿನಿಂದ ತೊಗರಿ ತೂಗಿಸುತ್ತ ನಿಲ್ಲುವವರಲ್ಲವೇ ಎಂಬ ಕರುಣೆಯಿಂದ ಶುರುಮಾಡಿದೆ. ನಡುವೆ ಯಾವುದೋ ಮಾತಿಗೆ ಅವರ ಮೇಲೆ ಮುನಿಸಾಯಿತು. ಮುನಿಸಿನಲ್ಲಿ ಹೆಣೆದ ಚೀಲದ ಕುಣಿಕೆಗಳೆಲ್ಲ ಬಿಗಿದುಕೊಂಡು, ರಾಜಿಯಾದ ಮೇಲೆ ಹೆಣೆದದ್ದು ಸಡಿಲವಾಗಿ, ಜೋಡಿಯಲ್ಲಿ ಒಂದು ಇನ್ನೊಂದರ ತಮ್ಮನಂತೆ ಕಾಣುತ್ತಿತ್ತು. ಅವರು ಎರಡನ್ನೂ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು, “ಎಡಗಾಲ ಮ್ಯಾಲ ನೀ ಇನ್ನಾ ಸಿಟ್ಟಾಗಿದ್ದಂಗ ಅದ ನೋಡು” ಎಂದರು. ಬಾಯಿ ಮುಚ್ಚಿಕೊಂಡರೂ ಬೆರಳು ಸುಮ್ಮನಿರುವುದಿಲ್ಲವೆಂದು ಅಂದು ತಿಳಿಯಿತು.

ಇವೆಲ್ಲ ಆಟ. ನಿಜವಾದ ಪರೀಕ್ಷೆ ಬಂದದ್ದು ಮಾವನವರ ಸ್ವೆಟರಿನಲ್ಲಿ. ಮಾವನವರಿಗೆ ದಮ್ಮಿನ ಕಾಯಿಲೆ. ಚಳಿ ಬಿತ್ತೆಂದರೆ ಎದೆಯಲ್ಲಿ ತಿದಿ ಊದಿದಂತೆ ಸದ್ದು. ಆದರೂ ಕತ್ತಲು ಹರಿಯುವ ಮುನ್ನ ಮಿಂದು ಲಿಂಗಪೂಜೆಗೆ ಕೂರುವುದು ತಪ್ಪದು, ಪೂಜೆ ಮುಗಿಯದೆ ಗುಟುಕು ನೀರೂ ಮುಟ್ಟರು. ಇಷ್ಟಲಿಂಗದ ಪೂಜೆ ಎಂದರೆ ಎಡ ಅಂಗೈಯಲ್ಲಿ ಲಿಂಗ, ಬಲಗೈಯಲ್ಲಿ ವಿಭೂತಿ ಪತ್ರೆಗಳು. ಹೀಗಾಗಿ ಹೆಗಲ ಮೇಲಿನ ಕಂಬಳಿ ಜಾರಿದರೆ ಎಳೆದುಕೊಳ್ಳಲು ಮೂರನೆಯ ಕೈ ಇಲ್ಲ. ಕಂಬಳಿ ಜಾರುವುದು, ಗಾಳಿ ತಾಕುವುದು, ಕೆಮ್ಮು ಏಳುವುದು ಒಂದರ ಹಿಂದೊಂದು ಬರುತ್ತಿದ್ದವು. ಕೆಮ್ಮಿಗೆ ಅಂಗೈ ನಡುಗಿ ಲಿಂಗ ಎಲ್ಲಿ ನೆಲಕ್ಕೆ ಬಿದ್ದೀತೋ ಎಂಬ ಭಯಕ್ಕೆ ಅವರು ಅದನ್ನು ಅರ್ಧ ಪೂಜೆಯಲ್ಲೇ ಕೊರಳಲ್ಲಿ ತೂಗುವ ಕರಡಿಗೆಗೆ ಸೇರಿಸಿ, ಗೋಡೆಗೊರಗಿ ಕಣ್ಣು ಮುಚ್ಚಿ ಕೂತುಬಿಡುತ್ತಿದ್ದರು. ಅಡುಗೆಮನೆಯ ಬಾಗಿಲಿನಿಂದ ನನಗೆ ಅವರ ಮುಖ ಕಾಣುತ್ತಿತ್ತು. ತಮ್ಮ ಕೈಯನ್ನೇ ನಂಬಲಾರದ ಮುದುಕರ ಮುಖ ಅದು.

ಜಾರದ ಕಂಬಳಿ ಎಂದರೆ ಸ್ವೆಟರ್ ತಾನೇ? ಯುದ್ಧದ ದಿನಗಳಲ್ಲಿ ಉಣ್ಣೆ ಸಿಗುವುದೇ ಕಷ್ಟವಾಗಿತ್ತು. ಯಜಮಾನರು ಸೊಲ್ಲಾಪುರದಲ್ಲಿ ಅಂಗಡಿ ಅಂಗಡಿ ತಿರುಗಿ ಒಂದು ಸ್ವೆಟರಿಗೆ ಸಾಲುವಷ್ಟನ್ನು ತಂದರು. ಅತ್ತೆಯವರು ಭೀಮಾ ದಂಡೆಯ ಮಣ್ಣೂರಿನವರು, ಮಾತಿನಲ್ಲಿ ಉಪಚಾರ ಕಡಿಮೆ. “ಕುರುಬರ ಕಂಬಳಿ ಇರಬೇಕಾದ್ರ ಈ ಜಾಳಿಗಿ ಯಾಕಬೇ?” ಎಂದು ಉಣ್ಣೆಯನ್ನು ಚಿವುಟಿ ನೋಡಿದರು. “ಇದು ಕೆಲಸಕ್ಕ ಬಂದ್ರ ಬರಲಿ. ಇಲ್ಲಂದ್ರ ಆ ಸಲಾಯಿ ಅಟ್ಟ ಹತ್ತತಾವ, ತಿಳೀತಿಲ್ಲೋ?” ನಾನು ತಲೆಯಾಡಿಸಿದೆ.

ಮಾವನವರ ಮುಂದೆ ನಿಂತು ಅಳತೆ ತೆಗೆಯುವುದು ನಮ್ಮಲ್ಲಿ ಸೊಸೆಯಾದವಳಿಗೆ ಉಂಟೇ? ಅವರೆದುರು ಸೆರಗು ಸರಿಮಾಡಿಕೊಂಡು ಬಾಗಿಲ ಮರೆಯಲ್ಲಿ ನಿಲ್ಲುವುದು ರೂಢಿ. ಅದಕ್ಕೇ ಗೂಟಕ್ಕೆ ನೇತುಹಾಕಿದ್ದ ಅವರ ಹಳೆಯ ಅಂಗಿಯನ್ನು ಕದ್ದಂತೆ ತಂದು, ನೂಲಿನಿಂದ ಉದ್ದ ಅಗಲ ಹಿಡಿದೆ. ಮಾದರಿ ಖಾಲಾ ಅವರ ಯಜಮಾನರ ಸ್ವೆಟರ್. ಮುಂದೆ ಸೀಳಿಲ್ಲ, ತಲೆಯಿಂದ ಇಳಿಬಿಟ್ಟರೆ ಗಾಳಿ ನುಸುಳದಂತೆ ಕೊರಳಿಗೆ ಕಚ್ಚಿ ಕೂರುವಂಥದು. ಕಷ್ಟಪಟ್ಟು ಹೆಣೆದೆ. ಈ ಸಲ ಯಾರ ಮೇಲೂ ಮುನಿಸಿಕೊಳ್ಳಲಿಲ್ಲ.

ಮಾವನವರು ಮಿಂದು ಬಂದು ಅದನ್ನು ಹಾಕಿಕೊಂಡರು. ತೋಳು, ಉದ್ದ ಎಲ್ಲ ಒಪ್ಪವಾಗಿತ್ತು. ಪೂಜೆಗೆ ಕೂತು ಕರಡಿಗೆಗೆ ಕೈ ಹಾಕಿದರೆ ಅದು ಸ್ವೆಟರಿನ ಒಳಗೆ, ಎದೆಯ ಮೇಲೆ! ಕೊರಳ ಸಂದಿನಿಂದ ತೆಗೆಯಹೋದರೆ ಬೆಳ್ಳಿಯ ಕರಡಿಗೆ ಬಾರದು. ಬಲವಾಗಿ ಎಳೆದರೆ ಅದನ್ನು ಕಟ್ಟಿದ ಶಿವದಾರ ಹರಿದೀತು. ಅದು ಹರಿಯುವುದೆಂದರೆ ನಮ್ಮವರಿಗೆ ಜೀವ ಹೋದಷ್ಟು ಕೇಡು. “ಕರಡಿಗಿ ಅದರ ಮ್ಯಾಲೇ ಹಾಕ್ಕೊಳ್ರಿ” ಎಂದು ಅತ್ತೆಯವರು ಸೂಚಿಸಿದರು. “ಅಂಗದ ಮ್ಯಾಲ ಲಿಂಗ ಇರಬೇಕು, ಉಣ್ಣಿ ಮ್ಯಾಲ ಅಲ್ಲ” ಎಂದ ಮಾವನವರು ಸ್ವೆಟರನ್ನು ಕಳಚಿ ಪಕ್ಕಕ್ಕಿಟ್ಟು, ಬರಿಮೈಗೆ ಮೊದಲಿನಂತೆ ಕಂಬಳಿ ಹೊದ್ದು ಕೂತರು. ಯಾವ ಹೊತ್ತಿಗೆಂದು ಹೆಣೆದಿದ್ದೆನೋ ಆ ಹೊತ್ತಿಗೇ ಅದು ಮೈಮೇಲಿಲ್ಲ. ಕಂಬಳಿ ಜಾರಿತು, ಕೆಮ್ಮು ಬಂತು, ಪೂಜೆ ಅರ್ಧಕ್ಕೆ ನಿಂತಿತು.

ನನ್ನ ಕೊರಳಲ್ಲೂ ಲಿಂಗವಿದೆ, ನಾನೂ ದಿನಾ ಪೂಜಿಸುವವಳು. ಆದರೂ ಹೇಗೆ ಮರೆತೆ? ಸೆರಗಿನಡಿಯಿಂದ ಕರಡಿಗೆ ತೆಗೆಯಲು ಹೆಂಗಸಿಗೆ ಒಂದು ಗಳಿಗೆಯೂ ಬೇಡ, ಅಡ್ಡಿಯಾಗದ್ದರ ಮೇಲೆ ಗಮನವೂ ಹೋಗದು. ಅಂಗಿಯನ್ನು ಅಳೆದೆ, ಅದರ ಮುಂದಿನ ಸೀಳು ಏಕಿದೆ ಎಂದು ಕೇಳಲಿಲ್ಲ. ಗೂಟಕ್ಕೆ ನೇತುಬಿದ್ದ ಅಂಗಿ ಪೂಜೆಗೆ ಕೂರುವುದಿಲ್ಲವಲ್ಲ.

ಕತ್ತರಿ ಹಾಕಿದರೆ ಎಳೆಗಳು ಬಿಚ್ಚಿ ಓಡುತ್ತವೆ ಎಂದರು ಖಾಲಾ. ಪಕ್ಕೆಯ ಹೊಲಿಗೆ ಬಿಡಿಸಿ, ಮುಂಭಾಗವನ್ನು ಪೂರ್ತಿ ಬಿಚ್ಚಲು ಕೂತೆ. ದಾಟಿ ಹೋಗುತ್ತಿದ್ದ ಮಾವನವರು ನಿಂತು, “ಹಾಳಾತೇನ ಯವ್ವಾ?” ಎಂದು ಕೇಳಿದರು. “ಇಲ್ರಿ, ಮುಂದಿಂದಷ್ಟ ಬಿಚ್ಚಾಕತ್ತೇನಿ” ಎಂದೆ. ಸದ್ಯ, ನೇಯ್ದ ಬಟ್ಟೆಯಲ್ಲ! ಹೆಣಿಗೆಯಷ್ಟು ಕ್ಷಮಾಗುಣದ ಕಸುಬನ್ನು ನಾನು ಬೇರೆ ಕಂಡಿಲ್ಲ. ತುದಿ ಹಿಡಿದು ಎಳೆದರೆ ಮಾಡಿದ್ದೆಲ್ಲ ಮತ್ತೆ ಬರೀ ನೂಲು. ಹಾಗೆಂದು ಅದು ಹೊಸ ನೂಲೂ ಅಲ್ಲ. ಹಳೆಯ ಕುಣಿಕೆಗಳ ಸೊಟ್ಟ ಅದರಲ್ಲಿ ಉಳಿದಿರುತ್ತದೆ. ಸುತ್ತಿ ಲಡಿ ಕಟ್ಟಿ, ತೊಳೆದು, ಕೆಳಗೆ ಭಾರಕ್ಕೆ ತಂಬಿಗೆ ತೂಗುಹಾಕಿ ಒಣಗಿಸಬೇಕು. ಒಣಗುವ ತನಕ ಬೆಳಿಗ್ಗೆ ಕೇಳುವ ಒಂದೊಂದು ಕೆಮ್ಮೂ ನನ್ನನ್ನೇ ಕರೆದಂತಿತ್ತು. ಮುಂಭಾಗವನ್ನು ಎರಡು ಹೋಳಾಗಿ ಹೆಣೆದು, ಸುರುಳಿಯಾಗದಂತೆ ಅಂಚಿಗೆ ಉಲ್ಟಾ ಹಾಕಿ, ಗುಂಡಿ ಹಚ್ಚಿದೆ.

ಮರುದಿನ ಮಾವನವರು ಅದನ್ನು ತೊಟ್ಟು ಕೂತರು. ನಡುವಿನ ಎರಡು ಗುಂಡಿ ಬಿಚ್ಚಿ ಕರಡಿಗೆಯನ್ನು ಹೊರತೆಗೆದರು. ಅಂಗೈ ಅಲುಗಲಿಲ್ಲ. ವಿಭೂತಿಯಾಯಿತು, ಪತ್ರೆಯಾಯಿತು, ಕಣ್ಣು ನೆಟ್ಟು ಕೂರುವುದೂ ಆಯಿತು. ಒಮ್ಮೆ ಕೆಮ್ಮು ಬಂದರೂ ಸಣ್ಣದಾಗಿ ಬಂದು ಹೋಯಿತು. ಕಡೆಗೆ ಲಿಂಗವನ್ನು ಕಣ್ಣಿಗೊತ್ತಿಕೊಂಡು ಕರಡಿಗೆಗೆ ಸೇರಿಸಿ, “ಪೂರಾ ಆತು” ಎಂದರು. ನನ್ನ ಕಣ್ಣು ತುಂಬಿ ಬಂತು, ಒಲೆಯ ಹೊಗೆಯ ಮೇಲೆ ಹಾಕಿ ಸೆರಗಿನಿಂದ ಒರೆಸಿಕೊಂಡೆ.

ಅವರ ಪಕ್ಕದಲ್ಲೇ ದಿನಾ ಕೂತು ಪೂಜೆ ಮಾಡುತ್ತಿದ್ದ ಅತ್ತೆಯವರೂ ಎದ್ದು ಅಡುಗೆಮನೆಗೆ ಬಂದರು. ಸಲಾಯಿಯ ವಿಷಯದಲ್ಲಿ ತೀರ್ಪು ಹೇಳುತ್ತಾರೆಂದು ಕಾದೆ. ಅವರು ನೀಲಿಗಟ್ಟಿದ ಬೆರಳುಗಳನ್ನು ಒಲೆಗೆ ಹಿಡಿದು, ನನ್ನ ಕಡೆ ನೋಡದೆ ಹೇಳಿದರು:

“ನನ್ನ ಕೊರಳಾಗೂ ಲಿಂಗ ಅದ ಬೇ. ಥಂಡಿ ನನಗೂ ಹತ್ತತದ.”

ಇಬ್ಬರೂ ಅಕ್ಕಪಕ್ಕ ಕೂರುತ್ತಿದ್ದರು. ಕೆಮ್ಮಿದವರನ್ನು ಮಾತ್ರ ನಾನು ಕಂಡಿದ್ದೆ. ಹೋಗಿ ಅಳತೆಯ ನೂಲು ತಂದೆ. ಅತ್ತೆಯವರು ನೆಟ್ಟಗೆ ನಿಂತು ಎರಡೂ ತೋಳನ್ನು ಎತ್ತಿ, “ಹಿಂಗ ನಿಂದ್ರಬೇಕೇನು?” ಎಂದು ಕೇಳಿದರು.

“ನಿಂದ್ರಬ್ಯಾಡ್ರಿ ಅತ್ತೇರ. ಪೂಜಿಗಿ ಹೆಂಗ ಕುಂದರ್ತೀರಿ, ಹಂಗ ಕುಂದರ್ರಿ.”

ಅವರು ಒಲೆಯ ಮುಂದೆಯೇ ಕೂತು, ಬರಿದಾದ ಎಡ ಅಂಗೈಯನ್ನು ಮುಂದೆ ಚಾಚಿದರು. ನಾನು ಅವರ ಹೆಗಲಿಗೆ ನೂಲು ಹಿಡಿದೆ.